ಜಾಮೀನು

ಅರಬ್ಬಿಯ ‘ಜಾಮಿನ್’ ಎಂದರೆ ಇನ್ನೊಬ್ಬರ ಪರವಾಗಿ ಹೊಣೆ ಹೊತ್ತ ಮನುಷ್ಯ. ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಬಿಡುಗಡೆಗೇ ಹೆಸರಾಯಿತು. ಹೊಣೆ ಹೊತ್ತವನಿಗೆ ‘ಜಾಮೀನುದಾರ’ ಎಂಬ ಬೇರೆ ಪದ ಬೇಕಾಯಿತು. ಆದರೂ ‘ಅವನಿಗೆ ನಾನು ಜಾಮೀನು ನಿಲ್ತೀನಿ’ ಎನ್ನುವಾಗ ಹಳೆಯ ಅರ್ಥ ಇನ್ನೂ ಉಸಿರಾಡುತ್ತದೆ. ಇದಕ್ಕೆ ನಮ್ಮದೇ ಪದ ‘ಹೊಣೆ’, ಹಳಗನ್ನಡದಲ್ಲಿ ‘ಪೊಣೆ’.

ನಮ್ಮ ಕೋರ್ಟುಗಳಲ್ಲಿ ಜಾಮೀನುದಾರ ಪಹಣಿಯನ್ನೋ ಮನೆ ಕಂದಾಯದ ರಸೀದಿಯನ್ನೋ ಹಿಡಿದು ನಿಲ್ಲಬೇಕು. ಜಮೀನಿಲ್ಲದವರ ಬಂಧುಗಳು ಏನು ತರಬೇಕು? ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಹೊಣೆಯನ್ನೂ ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಬಡವನ ಮಾತಿಗೂ ಬೆಲೆಯುಂಟು ಎಂದ ಆ ತೀರ್ಪು ನನಗೆ ಬಹಳ ದೊಡ್ಡದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮಿನಂತೆ, ಜಾಮೀನು ಸಿಗಬಹುದಾದ ಅಪರಾಧದಲ್ಲಿ ಬಂಧನವಾಗಿ ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಆರೋಪಿಯನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ನಿಮ್ಮ ಊರಿನವರು ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಈ ಕಲಮನ್ನು ವಕೀಲರಿಗೆ ನೆನಪಿಸಿ.