ಕೊರಳಿಗೆ ಬಂದ ಅಕ್ಷಮಾಲೆ: ಪಾರ್ವತಿ, ಮಹಾಶ್ವೇತೆ ಮತ್ತು ಶರಣೆಯರು

ಸ್ತ್ರೀಯರು ರುದ್ರಾಕ್ಷಿಯನ್ನು ಧರಿಸಬಹುದೆ ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತಲೇ ಇದೆ. ಮದುವೆಯಾದವಳು ಧರಿಸಬಾರದು, ಮುಟ್ಟಿನ ದಿನಗಳಲ್ಲಿ ತೆಗೆದಿಡಬೇಕು, ಜಪಕ್ಕೆ ಕೈಯಲ್ಲಿ ಹಿಡಿದರೆ ಅಡ್ಡಿಯಿಲ್ಲ ಆದರೆ ಕೊರಳಿಗೆ ಹಾಕಬಾರದು ಎಂಬ ಉತ್ತರಗಳೂ ಅಷ್ಟೇ ರೂಢವಾಗಿವೆ. ಎಲ್ಲದಕ್ಕೂ ‘ಶಾಸ್ತ್ರದಲ್ಲಿದೆ’ ಎಂಬ ಮುದ್ರೆ ಬೇರೆ. ಆದರೆ ರುದ್ರಾಕ್ಷಿಯ ಮಹಿಮೆಯನ್ನು ವಿಸ್ತಾರವಾಗಿ ಹೇಳುವ ಗ್ರಂಥಗಳನ್ನು ತೆರೆದು ನೋಡಿದವರಿಗೆ ಕಾಣುವುದು ಬೇರೆಯದೇ ಚಿತ್ರ. ಈ ನಿಷೇಧದ ಬೇರು ಶಾಸ್ತ್ರಕ್ಕಿಂತ ಹೆಚ್ಚಾಗಿ ಕಾವ್ಯವು ನಮ್ಮ ಮನಸ್ಸಿನಲ್ಲಿ ಬಿಡಿಸಿಟ್ಟ ಒಂದು ಚಿತ್ರದಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಪದದ ವಿಚಾರ. ಸಂಸ್ಕೃತ ಕವಿಗಳು ಅಕ್ಷಮಾಲೆ, ಅಕ್ಷಸೂತ್ರ ಎಂದಾಗ ಅದು ರುದ್ರಾಕ್ಷಿಯದೇ ಆಗಿರಬೇಕೆಂದಿಲ್ಲ. ಸ್ಫಟಿಕ, ಮುತ್ತು, ಹವಳ, ಶಂಖ, ಕಮಲದ ಬೀಜ ಇವೆಲ್ಲವೂ ಜಪಮಾಲೆಯ ಮಣಿಗಳಾಗುತ್ತಿದ್ದವು. ಅಕ್ಷಮಾಲಿಕೋಪನಿಷತ್ತು ಈ ದ್ರವ್ಯಗಳನ್ನು ಪಟ್ಟಿಮಾಡಿ, ಅಕಾರದಿಂದ ಕ್ಷಕಾರದವರೆಗಿನ ಅಕ್ಷರಗಳನ್ನು ಒಂದೊಂದು ಮಣಿಯಲ್ಲಿ ಆವಾಹಿಸುವ ವಿಧಿಯನ್ನು ಹೇಳುತ್ತದೆ. ‘ಅ’ದಿಂದ ‘ಕ್ಷ’ದವರೆಗೆ ಇರುವುದರಿಂದಲೇ ಅದು ಅಕ್ಷಮಾಲೆ. ವಾಗ್ದೇವಿಯ ಕೈಯಲ್ಲಿ ಪುಸ್ತಕದೊಡನೆ ಈ ಮಾಲೆಯೂ ಇರುವುದು ಹೀಗಾಗಿ ಅರ್ಥಪೂರ್ಣ. ರಾಜಸ್ಥಾನದ ಪಲ್ಲೂವಿನಲ್ಲಿ ದೊರೆತ ಪ್ರಸಿದ್ಧ ಜೈನ ಸರಸ್ವತಿಯೂ ಅಕ್ಷಮಾಲಾಧಾರಿಣಿಯೇ. ಇನ್ನೊಂದು ಕುತೂಹಲದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಹೀನಕುಲದಲ್ಲಿ ಹುಟ್ಟಿಯೂ ವಸಿಷ್ಠನನ್ನು ಸೇರಿ ಪೂಜ್ಯಳಾದವಳೆಂದು ಮನುಸ್ಮೃತಿಯ 9ನೆಯ ಅಧ್ಯಾಯವು ಹೇಳುವ ಸ್ತ್ರೀಯ ಹೆಸರು ಅಕ್ಷಮಾಲೆ.

ಕಾಳಿದಾಸನ ಕುಮಾರಸಂಭವದಲ್ಲಿ ಜಪಮಾಲೆ ಬರುವ ಸಂದರ್ಭಗಳಲ್ಲಿ ಎರಡು ಇಲ್ಲಿ ಮುಖ್ಯ. ಈ ಎರಡು ಸಂದರ್ಭಗಳನ್ನು ಒಟ್ಟಿಗೆ ಓದುವವರು ಕಡಿಮೆ. ಮೂರನೆಯ ಸರ್ಗದಲ್ಲಿ ಪಾರ್ವತಿ ಧ್ಯಾನದಿಂದೆದ್ದ ಶಿವನ ಬಳಿಗೆ ಬರುತ್ತಾಳೆ. ಅವಳ ಕೈಯಲ್ಲಿ ಮಂದಾಕಿನಿಯ ತಾವರೆಯ ಬೀಜಗಳನ್ನು ಬಿಸಿಲಿನಲ್ಲಿ ಒಣಗಿಸಿ ಕಟ್ಟಿದ ಜಪಮಾಲೆಯಿದೆ. ಅದನ್ನು ತಪಸ್ವಿಗೆ ಅರ್ಪಿಸುತ್ತಾಳೆ. ಶಿವನು ಅದನ್ನು ಸ್ವೀಕರಿಸಲು ತೊಡಗುವ ಆ ಗಳಿಗೆಯಲ್ಲೇ ಕಾಮನು ಬಿಲ್ಲಿಗೆ ಬಾಣವನ್ನು ಹೂಡುತ್ತಾನೆ. ಮುಂದಿನ ದಹನದ ಕಥೆ ಎಲ್ಲರಿಗೂ ಗೊತ್ತು. ನಾವು ಗಮನಿಸಬೇಕಾದದ್ದು ಇಷ್ಟು: ಇಲ್ಲಿ ಮಾಲೆಯನ್ನು ಕಟ್ಟುವವಳು ಹೆಣ್ಣು, ಜಪಿಸುವವನು ಗಂಡು. ಅವಳ ಪಾಲಿಗೆ ಅದು ಉಪಾಯನ, ಸೇವೆಯ ಸಾಮಗ್ರಿ.

ಐದನೆಯ ಸರ್ಗದಲ್ಲಿ ಸನ್ನಿವೇಶವೇ ಬದಲಾಗಿದೆ. ರೂಪವು ಫಲಿಸಲಿಲ್ಲವೆಂದು ತನ್ನ ಚೆಲುವನ್ನೇ ನಿಂದಿಸಿಕೊಂಡ ಪಾರ್ವತಿ ತಪಸ್ಸಿಗೆ ಹೊರಡುತ್ತಾಳೆ. ಎದೆಯ ಹಾರವನ್ನು ಕಳಚುತ್ತಾಳೆ, ನಾರುಡೆಯನ್ನು ಉಡುತ್ತಾಳೆ, ಜಡೆಗಟ್ಟುತ್ತಾಳೆ, ಒರಟಾದ ಮುಂಜದ ಉಡಿದಾರ ಸೊಂಟವನ್ನು ಕೆಂಪಾಗಿಸುತ್ತದೆ. ಚೆಂಡಾಡುತ್ತಿದ್ದ ಕೈ, ದರ್ಭೆಯನ್ನು ಕೀಳುತ್ತ ಗಾಯಗೊಂಡ ಬೆರಳುಗಳ ಕೈ, ಈಗ ಅಕ್ಷಸೂತ್ರದ ಗೆಳೆಯನಾಗಿದೆ ಎನ್ನುತ್ತಾನೆ ಕವಿ. ಅಂದು ಕೊಡುಗೆಯಾಗಿ ಒಯ್ದ ಮಾಲೆ ಇಂದು ಅವಳ ಸ್ವಂತದ್ದು. ಯಾರಿಗಾಗಿ ಕಟ್ಟಿದ್ದಳೋ ಅವನು ಕಣ್ಮರೆಯಾದ ಮೇಲಷ್ಟೇ ಅದು ಅವಳ ಕೈಗೆ ಬಂದಿತು. ಹಾರ ಹೋದಲ್ಲಿ ಅಕ್ಷಸೂತ್ರ ಬರುತ್ತದೆ, ಎರಡೂ ಒಟ್ಟಿಗೆ ಇರುವುದಿಲ್ಲ.

ಇದೇ ವಿನ್ಯಾಸ ಬಾಣನ ಕಾದಂಬರಿಯಲ್ಲಿ ಇನ್ನಷ್ಟು ಸೂಕ್ಷ್ಮವಾಗಿ, ಒಂದೇ ಮಾಲೆಯ ಕಥೆಯಾಗಿ ಬೆಳೆದಿದೆ. 7ನೆಯ ಶತಮಾನದ ಈ ಗದ್ಯಕಾವ್ಯವನ್ನು ನಾಗವರ್ಮನು ಚಂಪುವಾಗಿ ಕನ್ನಡಕ್ಕೆ ತಂದುದರಿಂದ ಮಹಾಶ್ವೇತೆ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತಳಲ್ಲ. ಅಚ್ಛೋದ ಸರಸ್ಸಿಗೆ ತಾಯಿಯೊಡನೆ ಸ್ನಾನಕ್ಕೆ ಬಂದ ಆ ಗಂಧರ್ವಕನ್ಯೆ ಅಪೂರ್ವವಾದ ಕಂಪನ್ನು ಅರಸುತ್ತ ಹೋಗಿ ಮುನಿಕುಮಾರ ಪುಂಡರೀಕನನ್ನು ಕಾಣುತ್ತಾಳೆ. ಅವನು ತನ್ನ ಕಿವಿಯ ಪಾರಿಜಾತದ ಗೊಂಚಲನ್ನು ತೆಗೆದು ಅವಳ ಕಿವಿಗೆ ಮುಡಿಸುತ್ತಾನೆ. ಅವಳ ಕೆನ್ನೆಯ ಸ್ಪರ್ಶಕ್ಕೆ ಬೆರಳುಗಳು ನಡುಗಿ ಕೈಯ ಅಕ್ಷಮಾಲೆ ಜಾರಿದುದು ಅವನಿಗೆ ತಿಳಿಯುವುದೇ ಇಲ್ಲ. ಅದು ನೆಲಕ್ಕೆ ಬೀಳುವ ಮುನ್ನವೇ ಮಹಾಶ್ವೇತೆ ಹಿಡಿದು, ಲೀಲೆಯಿಂದ ಒಡವೆಯಂತೆ ಕೊರಳಿಗೆ ಹಾಕಿಕೊಳ್ಳುತ್ತಾಳೆ.

ಗೆಳೆಯ ಕಪಿಂಜಲನು ಗದರಿಸಿದ ಮೇಲೆ ಪುಂಡರೀಕನಿಗೆ ಎಚ್ಚರ. ಮಾಲೆಯನ್ನು ಕೊಡದೆ ಒಂದು ಹೆಜ್ಜೆಯನ್ನೂ ಇಡಬೇಡವೆಂದು ಹುಸಿಮುನಿಸಿನಿಂದ ಕೇಳುತ್ತಾನೆ. ಅವಳು ಅಕ್ಷಮಾಲೆಯ ಬದಲಿಗೆ ತನ್ನ ಕೊರಳ ಮುತ್ತಿನ ಏಕಾವಳಿಯನ್ನು ಅವನ ಕೈಯಲ್ಲಿಡುತ್ತಾಳೆ. ಅವಳ ಮುಖವನ್ನೇ ನೋಡುತ್ತಿದ್ದ ಅವನು ಅದನ್ನೂ ಗಮನಿಸುವುದಿಲ್ಲ. ಹಾರ ಋಷಿಯ ಕೈಗೆ, ಜಪಸರ ರಾಜಪುತ್ರಿಯ ಕೊರಳಿಗೆ! ಈ ಅದಲುಬದಲನ್ನು ಕೇವಲ ಶೃಂಗಾರದ ಚಮತ್ಕಾರವೆಂದು ಓದಿ ಮುಂದೆ ಸಾಗುವುದು ಸುಲಭ. ಆದರೆ ಬಾಣನು ಆ ಮಾಲೆಯನ್ನು ಮರೆಯುವುದಿಲ್ಲ. ಕಪಿಂಜಲನು ಅವಳ ಅರಮನೆಗೆ ಬರುವುದು ಅದನ್ನು ಹಿಂದಕ್ಕೆ ಕೇಳುವ ನೆಪದಿಂದ. ರಾತ್ರಿ ಅವಳು ಪ್ರಿಯನನ್ನು ಕಾಣಲು ಹೊರಟಾಗ ಕೊರಳಲ್ಲಿ ಇರುವುದೂ ಅದೇ. ಹೋಗಿ ನೋಡಿದರೆ ಪುಂಡರೀಕನು ಅಸುನೀಗಿದ್ದಾನೆ. ಪುನರ್ಮಿಲನದ ಭರವಸೆಯನ್ನು ನೀಡಿ ದಿವ್ಯಪುರುಷನೊಬ್ಬ ಶರೀರವನ್ನು ಕೊಂಡೊಯ್ದ ಮೇಲೆ, ಅವಳು ಅವನದೇ ಕಮಂಡಲುವನ್ನು, ಅವನದೇ ನಾರುಡೆಗಳನ್ನು, ಅದೇ ಅಕ್ಷಮಾಲೆಯನ್ನು ತೆಗೆದುಕೊಂಡು ವ್ರತಸ್ಥಳಾಗುತ್ತಾಳೆ. ಬೆಳಿಗ್ಗೆ ಆಟದ ಒಡವೆ, ಇರುಳಿನಲ್ಲಿ ಅಭಿಸಾರದ ಗುರುತು, ಮರುದಿನದಿಂದ ತಪಸ್ಸಿನ ಸಾಧನ. ಮಣಿಗಳು ಅವೇ. ಚಂದ್ರಾಪೀಡನು ಶಿವಾಲಯದಲ್ಲಿ ಅವಳನ್ನು ಮೊದಲು ಕಂಡಾಗಿನ ಸುದೀರ್ಘ ವರ್ಣನೆಯಲ್ಲಿ ಬಾಣನು ಅವಳ ಮೈಮೇಲೆ ಬ್ರಹ್ಮಸೂತ್ರವನ್ನೂ ಇರಿಸಿದ್ದಾನೆ. ಯಜ್ಞೋಪವೀತ ಹೆಣ್ಣಿಗಿಲ್ಲವೆಂದು ವಾದಿಸುವವರು ಈ ಪುಟವನ್ನು ಹೇಗೆ ಓದುತ್ತಾರೋ ನಾನರಿಯೆ.

ಎರಡು ಮಹಾಕೃತಿಗಳೂ ಕೊಡುವ ಚಿತ್ರ ಒಂದೇ. ಜಪಮಾಲೆ ಹೆಣ್ಣಿನ ಬಳಿಗೆ ಬರುವುದು ಪ್ರಿಯನು ಇಲ್ಲದಾದಾಗ. ಅದು ವಿರಹದ ಲಾಂಛನ, ಒಡವೆಗಳ ಪ್ರತಿಪಕ್ಷ. ಪಾರ್ವತಿಗೆ ಶಿವನು ದೊರೆತ ಮೇಲೆ, ಮಹಾಶ್ವೇತೆಗೆ ಪುಂಡರೀಕನು ಮರಳಿ ಬಂದ ಮೇಲೆ ತಪಸ್ಸಿನ ಆ ವೇಷಕ್ಕೆ ಕೆಲಸವಿಲ್ಲ. ಗೃಹಿಣಿಯ ಕೊರಳಿಗೆ ರುದ್ರಾಕ್ಷಿ ಅಶುಭವೆಂಬ ಭಾವನೆ, ಗಂಡನಿರುವವಳಿಗೆ ಅದೇಕೆ ಎಂಬ ಮಾತು, ಇವು ಈ ಕಾವ್ಯಸಂಸ್ಕಾರದ ಲೋಕರೂಢಿಯ ಮುಖಗಳೆಂದೇ ನನಗೆ ತೋರುತ್ತದೆ.

ಶಾಸ್ತ್ರಗ್ರಂಥಗಳು ಏನನ್ನುತ್ತವೆ? ರುದ್ರಾಕ್ಷಜಾಬಾಲೋಪನಿಷತ್ತು ಕಾಲಾಗ್ನಿರುದ್ರ ಮತ್ತು ಭುಸುಂಡರ ಸಂವಾದ. ನೆಲ್ಲಿಕಾಯಿ ಗಾತ್ರದ ಮಣಿ ಉತ್ತಮ, ಬೋರೆ ಹಣ್ಣಿನಷ್ಟಿರುವುದು ಮಧ್ಯಮ, ಕಡಲೆಯಷ್ಟಿರುವುದು ಅಧಮ ಎನ್ನುತ್ತದೆ. ಬಣ್ಣಗಳನ್ನು ನಾಲ್ಕು ವರ್ಣಗಳಿಗೆ ಹಂಚುತ್ತದೆ. ಕೊರಳಿಗೆ 36, ತೋಳುಗಳಿಗೆ ಹದಿನಾರು ಹದಿನಾರು, ಮಣಿಕಟ್ಟಿಗೆ 12, ಉಪವೀತದಂತೆ ಧರಿಸಲು 108 ಎಂದು ಲೆಕ್ಕ ಹಾಕುತ್ತದೆ. ಶಿವಪುರಾಣದ ವಿದ್ಯೇಶ್ವರಸಂಹಿತೆ ನಮ್ಮ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತದೆ. ಅದರ 25ನೆಯ ಅಧ್ಯಾಯದ ಪ್ರಕಾರ ಎಲ್ಲ ಆಶ್ರಮಗಳವರೂ ಎಲ್ಲ ವರ್ಣಗಳವರೂ ಸ್ತ್ರೀಯರೂ ಶೂದ್ರರೂ ಶಿವಾಜ್ಞೆಯಂತೆ ಸದಾ ರುದ್ರಾಕ್ಷಿಯನ್ನು ಧರಿಸಬೇಕು. ‘ಧರಿಸಬಹುದು’ ಎಂಬ ಔದಾರ್ಯವಲ್ಲ ಇದು, ವಿಧಿ. ಆದರೆ ಅಲ್ಲಿಯೇ ಒಂದು ಗೆರೆಯೂ ಇದೆ: ಪ್ರಣವದೊಡನೆ ಧರಿಸುವುದು ಯತಿಗಳಿಗೆ. ಪಂಚಾಕ್ಷರಿಯ ವಿಷಯದಲ್ಲೂ ದ್ವಿಜರಿಗೆ ‘ನಮಃ’ ಮೊದಲು, ಇತರರಿಗೆ ಕೊನೆಯಲ್ಲಿ ಎಂಬ ವಿಂಗಡಣೆ ಅದೇ ಸಂಹಿತೆಯಲ್ಲಿದೆ. ಸ್ತ್ರೀಯರ ಬಗೆಗೆ ಮತಭೇದವಿರುವುದನ್ನೂ ಅದು ಹೇಳುತ್ತದೆ. ಎಂದರೆ, ಮಣಿಗೆ ತಡೆಯಿಲ್ಲ. ತಡೆಯಿರುವುದು ಮಣಿಯೊಡನೆ ನುಡಿಯುವ ಮಂತ್ರಕ್ಕೆ.

ಪುರಾಣಕಾರರು ರುದ್ರಾಕ್ಷಿಯ ಮಹಿಮೆಗೆ ಆರಿಸಿಕೊಂಡ ನಿದರ್ಶನವಾದರೂ ಯಾರದು? ಸ್ಕಾಂದಪುರಾಣದ ಬ್ರಹ್ಮೋತ್ತರಖಂಡದಲ್ಲೂ ಶಿವಪುರಾಣದ ಶತರುದ್ರಸಂಹಿತೆಯಲ್ಲೂ ಬರುವ ಮಹಾನಂದೆ ನಂದಿಗ್ರಾಮದ ಒಬ್ಬ ವೇಶ್ಯೆ. ತಾನು ಶಿವಭಕ್ತೆ, ತಾನು ಸಾಕಿದ ಕೋತಿಗೂ ಹುಂಜಕ್ಕೂ ರುದ್ರಾಕ್ಷಿಗಳನ್ನು ತೊಡಿಸಿ ಶಿವನ ಮುಂದೆ ಕುಣಿಸುತ್ತಿದ್ದಳು. ರತ್ನಕಂಕಣಕ್ಕೆ ಮನಸೋತು, ವೈಶ್ಯವೇಷದಿಂದ ಬಂದ ಶಿವನಿಗೆ ಮೂರು ದಿನಗಳ ಪತ್ನಿಯಾಗಲು ಒಪ್ಪುತ್ತಾಳೆ. ಅವನು ಒಪ್ಪಿಸಿದ ರತ್ನಲಿಂಗ ಬೆಂಕಿಗೆ ಆಹುತಿಯಾಗುತ್ತದೆ, ಅವನೂ ಅಗ್ನಿಪ್ರವೇಶ ಮಾಡುತ್ತಾನೆ. ಕೊಟ್ಟ ಮಾತಿನಂತೆ ತಾನೂ ಬೆಂಕಿಗೆ ಬೀಳಲು ಮುಂದಾದಾಗ ಶಿವನು ಪ್ರತ್ಯಕ್ಷನಾಗುತ್ತಾನೆ. ಆ ಕೋತಿ ಮತ್ತು ಹುಂಜ ಮರುಜನ್ಮದಲ್ಲಿ ಕಾಶ್ಮೀರದ ರಾಜಕುಮಾರನೂ ಮಂತ್ರಿಕುಮಾರನೂ ಆಗಿ ಹುಟ್ಟಿ, ಚಿನ್ನದ ಒಡವೆಗಳನ್ನು ಒಲ್ಲದೆ ರುದ್ರಾಕ್ಷಿಗಳನ್ನೇ ಬಯಸಿದರೆಂದು ಬ್ರಹ್ಮೋತ್ತರಖಂಡದ ಕಥೆ. ಅಗ್ನಿಪ್ರವೇಶದ ಆದರ್ಶ ಇಂದಿನ ಓದುಗರಿಗೆ ಒಪ್ಪಿಗೆಯಾಗದು, ನನಗೂ ಆಗದು. ಆದರೆ ಪಾತ್ರ ಯಾವುದೆಂಬುದು ಮುಖ್ಯ. ರುದ್ರಾಕ್ಷಿಗೆ ಹೆಣ್ಣಿನ ಮೈಲಿಗೆ ತಟ್ಟುವುದೆಂಬ ಅಂಜಿಕೆ ಈ ಕಥೆಗಾರನಿಗೆ ಇರಲಿಲ್ಲ.

ನಮ್ಮ ಜೈನ ಪರಂಪರೆಯೊಡನೆ ಹೋಲಿಸಿದರೆ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ನಮ್ಮಲ್ಲಿ ಜಪಮಾಲೆ ಧರಿಸುವ ವಸ್ತುವಲ್ಲ, ಎಣಿಸುವ ವಸ್ತು. ಅದರ 108 ಮಣಿಗಳಿಗೆ ದಿಗಂಬರರು ಕೊಡುವ ವಿವರಣೆ ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವನ್ನು ಆಧರಿಸಿದೆ: ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯಗಳಿಂದ ಮೂರು, ಕೃತ, ಕಾರಿತ, ಅನುಮತ ಎಂದು ಮೂರು, ಕ್ರೋಧ, ಮಾನ, ಮಾಯೆ, ಲೋಭಗಳಿಂದ ನಾಲ್ಕು. ಗುಣಿಸಿದರೆ 108 ಆಸ್ರವದ್ವಾರಗಳು. ಒಂದೊಂದು ಮಣಿಯೂ ಒಂದೊಂದು ಬಾಗಿಲನ್ನು ಮುಚ್ಚುವ ನೆನಪು. ಆರ್ಯಿಕೆಯರ ಉಪಕರಣಗಳು ಪಿಂಛಿ, ಕಮಂಡಲು, ಶಾಸ್ತ್ರ ಮೂರೇ. ಅಲ್ಲಿ ಮಾಲೆಗೆ ಲಾಂಛನದ ಸ್ಥಾನವಿಲ್ಲ. ಆದ್ದರಿಂದ ಹೆಣ್ಣು ಧರಿಸಬಹುದೆ ಎಂಬ ವಿವಾದವೂ ನಮ್ಮಲ್ಲಿ ಹುಟ್ಟಲಿಲ್ಲ. ಇದನ್ನು ಹೆಚ್ಚುಗಾರಿಕೆಯೆಂದು ಹೇಳುತ್ತಿಲ್ಲ. ಮಣಿ ಅಧಿಕಾರದ ಗುರುತಾಗುವ ಕಡೆಯಲ್ಲೇ ಅದಕ್ಕಾಗಿ ಹೋರಾಟವೂ ಇರುತ್ತದೆ.

12ನೆಯ ಶತಮಾನದ ಕಲ್ಯಾಣದಲ್ಲಿ ಆದದ್ದು ಅಂತಹ ಹೋರಾಟ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣ ಕೇಳಿದನೆಂಬ ಕಥೆ ಜನರ ಬಾಯಲ್ಲಿದೆ. ಹರಿಹರನ ರಗಳೆಯಲ್ಲಿ ಬಸವಣ್ಣನು ಜನಿವಾರವನ್ನು ತೊರೆದು ಸಂಗಮಕ್ಕೆ ಹೊರಡುತ್ತಾನೆ. ಆ ಸೂತ್ರದ ಸ್ಥಾನಕ್ಕೆ ಬಂದದ್ದು ಇಷ್ಟಲಿಂಗ. ಅದರೊಡನೆ ವಿಭೂತಿ, ರುದ್ರಾಕ್ಷಿ, ಮಂತ್ರ. ಮುಂದಿನ ವೀರಶೈವ ಗ್ರಂಥಗಳು ಅಷ್ಟಾವರಣವೆಂದು ಕ್ರಮಬದ್ಧಗೊಳಿಸಿದ ಈ ವ್ಯವಸ್ಥೆಯಲ್ಲಿ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದಗಳ ಸಾಲಿನಲ್ಲಿ ರುದ್ರಾಕ್ಷಿಯೂ ಮಂತ್ರವೂ ಅಕ್ಕಪಕ್ಕದಲ್ಲಿವೆ. ಪುರಾಣವು ಎಳೆದಿದ್ದ ಗೆರೆ ಇಲ್ಲಿ ಅಳಿಸಿತು. ಹೆಣ್ಣಿಗೆ ಮಣಿ ಮಾತ್ರವಲ್ಲ, ದೀಕ್ಷೆಯೂ ಮಂತ್ರವೂ ದೊರೆತವು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲ ಎಂದ ಮೇಲೆ, ಮುಟ್ಟಿನ ದಿನಗಳಲ್ಲಿ ರುದ್ರಾಕ್ಷಿಯನ್ನು ತೆಗೆದಿಡಬೇಕೆ ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಇಲ್ಲಿ ಅಕ್ಕಮಹಾದೇವಿಯ ಹೆಸರು ತಾನಾಗಿ ನೆನಪಾಗುತ್ತದೆ. ಉಡುತಡಿಯಿಂದ ಶ್ರೀಶೈಲದ ಕದಳಿಯವರೆಗೆ ನಡೆದ ಅವಳು ಪಾರ್ವತಿ, ಮಹಾಶ್ವೇತೆಯರ ಸಾಲಿಗೆ ಸೇರುವಂತೆ ಮೇಲ್ನೋಟಕ್ಕೆ ಕಾಣುತ್ತಾಳೆ. ಅವಳೂ ವಿರಹಿಣಿ, ಅವಳೂ ಒಡವೆಗಳನ್ನು ತೊರೆದವಳು. ನಮ್ಮ ಚಿತ್ರಕಾರರು ಅವಳನ್ನು ಬಿಟ್ಟ ಕೂದಲು, ರುದ್ರಾಕ್ಷಿಗಳೊಡನೆ ಬರೆದಾಗ ಆ ಹಳೆಯ ತಾಪಸಿಯ ಅಚ್ಚೇ ಅವರ ಕಣ್ಣ ಮುಂದಿರುತ್ತದೆ. ಆದ್ದರಿಂದಲೇ ಈ ವಿಚಾರದಲ್ಲಿ ಅಕ್ಕನಿಗಿಂತ ಉಳಿದ ಶರಣೆಯರು ಹೆಚ್ಚು ಮುಖ್ಯರೆಂದು ನಾನು ಭಾವಿಸುತ್ತೇನೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯನೊಡನೆ ಸಂಸಾರ ನಡೆಸಿದವಳು, ಅವನು ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ತಿದ್ದಿದವಳು. ಕದಿರೆ ರೆಮ್ಮವ್ವೆ ರಾಟೆಯ ಮುಂದೆ ಕುಳಿತು ನೂಲು ತೆಗೆದವಳು. ನೀಲಾಂಬಿಕೆ ಬಸವಣ್ಣನ ಪತ್ನಿ. ಸೂಳೆ ಸಂಕವ್ವೆ ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಬರೆದ ಒಂದೇ ಒಂದು ವಚನ ನಮಗೆ ದೊರೆತಿದೆ. ಮಹಾನಂದೆಯ ಕಥೆಯನ್ನು ಓದಿದವರಿಗೆ ಅವಳು ಪುರಾಣದಿಂದ ಹೊರಬಂದು ಸ್ವಂತ ಮಾತನಾಡಿದಂತೆ ಕೇಳಿಸುತ್ತಾಳೆ. ಇವರಾರೂ ಕಾಡಿಗೆ ಹೋಗಲಿಲ್ಲ. ಇವರಿಗೆ ಲಾಂಛನ ದೊರೆತದ್ದು ಯಾರೋ ತೀರಿಕೊಂಡದ್ದರಿಂದಲ್ಲ, ಯಾರೋ ಕೈಬಿಟ್ಟದ್ದರಿಂದಲೂ ಅಲ್ಲ.

ನಡತೆಯಿಲ್ಲದ ವಿಭೂತಿ ರುದ್ರಾಕ್ಷಿಗಳನ್ನು ವಚನಕಾರರೇ ಕಟುವಾಗಿ ಹಳಿದಿದ್ದಾರಲ್ಲ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಟೀಕೆಗೆ ಗುರಿಯಾದವನು ಲಾಂಛನದಿಂದ ಹೊಟ್ಟೆ ಹೊರೆಯುವ ವೇಷಧಾರಿ. ಸಾವಿರ ವರ್ಷ ಲಾಂಛನವನ್ನೇ ಕಾಣದವಳ ಕೊರಳಲ್ಲಿ ಅದೇ ಮಣಿಗೆ ಇರುವ ಅರ್ಥ ಬೇರೆ.

ಮುಂದಿನ ಶತಮಾನಗಳಲ್ಲಿ ಈ ಸಮತೆ ಪೂರ್ಣವಾಗಿ ಉಳಿಯಿತೆಂದು ಹೇಳುವಂತಿಲ್ಲ. ಮಠಗಳ ಪೀಠಗಳು ಪುರುಷರ ಪಾಲಾದವು. ಲಿಂಗಾಯತರಲ್ಲಿ ಹೆಣ್ಣೊಬ್ಬಳು ಜಗದ್ಗುರು ಪೀಠವನ್ನೇರಲು ಮಾತೆ ಮಹಾದೇವಿಯವರವರೆಗೆ, 1970ರವರೆಗೆ, ಕಾಯಬೇಕಾಯಿತು. ಆದರೆ ಮನೆಯೊಳಗಿನ ಆಚರಣೆ ಹೆಚ್ಚು ಗಟ್ಟಿಯಾಗಿತ್ತು. ಹುಟ್ಟಿದ ಶಿಶು ಹೆಣ್ಣಾಗಲಿ ಗಂಡಾಗಲಿ ಲಿಂಗವನ್ನು ಕಟ್ಟುತ್ತಾರೆ. ಗಂಡ ತೀರಿಕೊಂಡಾಗ ರೂಢಿಯ ಕ್ರೌರ್ಯ ಹೆಣ್ಣಿನ ಬಳೆಗಳನ್ನು ಒಡೆಯಿತು, ತಾಳಿಯನ್ನು ಕಳಚಿತು. ಗುರುವು ಕಟ್ಟಿದ ಲಿಂಗಕ್ಕೂ ಕೊರಳ ರುದ್ರಾಕ್ಷಿಗೂ ಅದು ಕೈ ಹಾಕಲಾರದು. ಅವು ಗಂಡನಿಂದ ಬಂದವಲ್ಲ. ಅವಳ ಕೊನೆಯ ದಿನ ದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುವಾಗಲೂ ಲಿಂಗ ಅವಳ ಜೊತೆಯಲ್ಲೇ ಹೋಗುತ್ತದೆ.