ಬೇಲಾಪುರದ ಅಂಗಳಗಳು: ನವಿ ಮುಂಬಯಿಯ ಆಧುನಿಕ ವಾಸ್ತುವೂ ಅದರ ಸಂರಕ್ಷಣೆಯೂ

೧

ಠಾಣೆ-ಕಲ್ಯಾಣಗಳ ಇತಿಹಾಸವೆಂದೊಡನೆ ಕನ್ನಡ ವಿದ್ವಾಂಸರ ದೃಷ್ಟಿಯು ಸಹಜವಾಗಿಯೇ ಉತ್ತರ ಕೊಂಕಣದ ಶಿಲಾಹಾರರ ಕಡೆಗೆ ಹರಿಯುತ್ತದೆ. ‘ತಗರಪುರಪರಮೇಶ್ವರ’ರೆಂದು ಬಿರುದಾಂತರಾಗಿದ್ದ ಆ ಅರಸರ ಕಾಲದ ಅಂಬರನಾಥ ದೇವಾಲಯವು ಕಲ್ಯಾಣಕ್ಕೆ ಅನತಿದೂರದಲ್ಲಿ ಇಂದಿಗೂ ನಿಂತಿದೆ. ಅಲ್ಲಿಯ ಶಕವರ್ಷ ೯೮೨ರ (ಕ್ರಿ. ಶ. ೧೦೬೦) ಶಾಸನವು ಮಾಮ್ವಾಣಿ ಅಥವಾ ಮುಮ್ಮುಣಿರಾಜನ ಹೆಸರನ್ನು ಉಳಿಸಿಕೊಟ್ಟಿದೆ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಆ ಗುಡಿಯು ಇತಿಹಾಸದ ಸಾಮಗ್ರಿಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ.

ಅಂಬರನಾಥದಿಂದ ನೈಋತ್ಯಕ್ಕೆ ಪಾರಸಿಕ ಬೆಟ್ಟದ ಸಾಲನ್ನು ದಾಟಿದರೆ ಠಾಣೆ ಖಾಡಿಯ ಪೂರ್ವದಂಡೆಯಲ್ಲಿ ನವಿ ಮುಂಬಯಿ ಹಬ್ಬಿದೆ. ಇದು ಕಳೆದ ಅರ್ಧ ಶತಮಾನದಲ್ಲಿ ಎದ್ದು ನಿಂತ ನಗರ. ಇಲ್ಲಿಯ ಕಟ್ಟಡಗಳಲ್ಲಿ ಕೆಲವು ಸ್ವತಂತ್ರ ಭಾರತದ ವಾಸ್ತುವಿದ್ಯೆಯ ಚರಿತ್ರೆಯಲ್ಲಿ ಎಣಿಕೆಗೆ ಬರುವಂಥವು. ದೇಶವಿದೇಶಗಳ ವಾಸ್ತುಶಾಲೆಗಳಲ್ಲಿ ಅಭ್ಯಾಸಕ್ಕೆ ಒಳಗಾಗಿರುವಂಥವು. ಆದರೂ ನೆರೆಯಲ್ಲಿಯೇ ವಾಸಿಸುವವರಿಗೆ ಅವು ‘ಹಳೆಯ ಮನೆ’ಗಳೇ ಹೊರತು ಇತಿಹಾಸವಲ್ಲ. ದಿನದಿನವೂ ಅವುಗಳ ರೂಪ ಬದಲಾಗುತ್ತಿರುವ ಈ ಹೊತ್ತಿನಲ್ಲಿ, ಅವುಗಳಲ್ಲಿ ಉಳಿಸತಕ್ಕದ್ದು ಯಾವುದು ಎಂಬ ಪ್ರಶ್ನೆಯನ್ನು ವಿಚಾರಿಸುವುದು ಅವಶ್ಯವಾಗಿದೆ.

೨

ಸ್ವಾತಂತ್ರ್ಯಾನಂತರ ಭಾರತೀಯ ವಾಸ್ತುವಿದ್ಯೆಯು ಎರಡು ದಾರಿಗಳನ್ನು ಹಿಡಿಯಿತು. ಒಂದಕ್ಕೆ ನಿದರ್ಶನ, ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ಎದ್ದು ೧೯೫೬ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧ; ದ್ರಾವಿಡ ಶೈಲಿಯ ಕಂಬ, ಬೋದಿಗೆ, ಗೋಪುರಗಳೇ ಅದರ ಭಾಷೆ. ಇನ್ನೊಂದಕ್ಕೆ ನಿದರ್ಶನ, ೧೯೫೧ರಿಂದ ಲ ಕಾರ್ಬೂಸಿಯೇ ರೂಪಿಸಿದ ಚಂಡೀಗಢ; ಅಲಂಕಾರವನ್ನು ತೊರೆದ ಕಾಂಕ್ರೀಟು, ಬಿಸಿಲು-ನೆರಳುಗಳ ಲೆಕ್ಕಾಚಾರ, ಹೊಸ ಸಮಾಜಕ್ಕೆ ಹೊಸ ನಗರವೆಂಬ ನಂಬಿಕೆ ಇದರ ಭಾಷೆ. ಈ ಎರಡನೆಯ ದಾರಿಯಲ್ಲಿ ನಡೆದ ಭಾರತೀಯರಲ್ಲಿ ಬಾಲಕೃಷ್ಣ ದೋಶಿ, ಅಚ್ಯುತ ಕಾನವಿಂದೆ, ರಾಜ್ ರೇವಲ್, ಚಾರ್ಲ್ಸ್ ಕೊರಿಯಾ ಮೊದಲಾದವರು ಪ್ರಮುಖರು. ಕನ್ನಡ ನಾಡಿಗೆ ಇವರು ಅಪರಿಚಿತರಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲಿನ ಮೊಗಸಾಲೆಗಳು ದೋಶಿಯವರ ಕೃತಿ; ಅದೇ ನಗರದ ವಿಶ್ವೇಶ್ವರಯ್ಯ ಕೇಂದ್ರವು ಕೊರಿಯಾ ಅವರದು. ಆಲಮಟ್ಟಿಯ ಹಿನ್ನೀರಿಗೆ ತುತ್ತಾದ ಬಾಗಿಲಕೋಟೆಗೆ ಬದಲಾಗಿ ಎದ್ದ ನವನಗರದ ಯೋಜನೆಯಲ್ಲಿಯೂ ಕೊರಿಯಾ ಅವರ ಕೈಯಿತ್ತು.

ನವಿ ಮುಂಬಯಿಯ ಕಲ್ಪನೆಯು ಒಂದು ಪತ್ರಿಕೆಯ ಪುಟಗಳಲ್ಲಿ ರೂಪುಗೊಂಡಿತು. ೧೯೬೫ರಲ್ಲಿ ಮುಲ್ಕ್ ರಾಜ್ ಆನಂದರ ಸಂಪಾದಕತ್ವದ ‘ಮಾರ್ಗ್’ ಪತ್ರಿಕೆಯು ಮುಂಬಯಿಯನ್ನು ಕುರಿತು ಹೊರತಂದ ಸಂಚಿಕೆಯಲ್ಲಿ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಈ ಮೂವರು ತಮ್ಮ ಪ್ರತಿಪಾದನೆಯನ್ನು ಮುಂದಿಟ್ಟರು. ಉತ್ತರ-ದಕ್ಷಿಣವಾಗಿ ನೀಳವಾದ ದ್ವೀಪದಲ್ಲಿ ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಅದರ ವಿರುದ್ಧ ದಿಕ್ಕಿಗೆ ಜನಪ್ರವಾಹ ನುಗ್ಗುವ ಮುಂಬಯಿಯ ಭಾರವನ್ನು ಖಾಡಿಯ ಆಚೆಗೆ ಹಂಚಬೇಕೆಂಬುದು ಅದರ ಸಾರ. ಸರಕಾರವು ಈ ವಿಚಾರವನ್ನು ಅಂಗೀಕರಿಸಿ ೧೯೭೦ರ ಮಾರ್ಚಿನಲ್ಲಿ ಸಿಡ್ಕೋ ಸಂಸ್ಥೆಯನ್ನು ಸ್ಥಾಪಿಸಿತು. ಕೊರಿಯಾ ಕೆಲಕಾಲ ಅದರ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ೧೯೭೩ರಲ್ಲಿ ವಾಶಿಯ ಸೇತುವೆ ತೆರೆಯಿತು. ೧೯೯೨ರಲ್ಲಿ ರೈಲು ಖಾಡಿಯನ್ನು ದಾಟಿತು.

ಈ ನಗರವು ಬರಿಯ ಬಯಲಿನಲ್ಲಿ ಹುಟ್ಟಲಿಲ್ಲವೆಂಬುದನ್ನು ಮರೆಯಲಾಗದು. ತೊಂಬತ್ತೈದು ಹಳ್ಳಿಗಳ ಸುಮಾರು ೩೪೪ ಚದರ ಕಿಲೋಮೀಟರು ನೆಲವು ಯೋಜನೆಗೆ ಒಳಪಟ್ಟಿತು. ಆಗ್ರಿ, ಕೋಳಿ ಜನರ ಗದ್ದೆಗಳೂ ಉಪ್ಪಿನ ಮಡಿಗಳೂ ಹೋದವು. ೧೯೮೪ರ ಜನವರಿಯಲ್ಲಿ ದಿ. ಬಾ. ಪಾಟೀಲರ ನೇತೃತ್ವದ ಚಳವಳಿಯ ಮೇಲೆ ಜಾಸಯಿ ಪರಿಸರದಲ್ಲಿ ಪೋಲೀಸರ ಗುಂಡು ಹಾರಿ ಐವರು ಪ್ರಾಣತೆತ್ತರು. ನವಿ ಮುಂಬಯಿಯ ವಾಸ್ತುವನ್ನು ಮೆಚ್ಚುವವರು ಅದರ ನೆಲಕ್ಕೆ ತೆತ್ತ ಬೆಲೆಯನ್ನೂ ಸ್ಮರಿಸತಕ್ಕದ್ದು.

೩

ಆ ಚಳವಳಿಯ ಆಸುಪಾಸಿನಲ್ಲಿಯೇ, ೧೯೮೩ ಮತ್ತು ೧೯೮೬ರ ನಡುವೆ, ಬೇಲಾಪುರದ ಬೆಟ್ಟದ ಬುಡದಲ್ಲಿ ಸಿಡ್ಕೋಗಾಗಿ ಕೊರಿಯಾ ಒಂದು ವಸತಿಯನ್ನು ರಚಿಸಿದರು. ಜನರ ಬಾಯಲ್ಲಿ ಅದು ‘ಆರ್ಟಿಸ್ಟ್ಸ್ ವಿಲೇಜ್’ ಎಂದೇ ಪ್ರಸಿದ್ಧ. ಸುಮಾರು ೫.೪ ಹೆಕ್ಟೇರು ನೆಲದಲ್ಲಿ ೫೫೦ ಕುಟುಂಬಗಳಿಗೆ ಎಡೆ ಮಾಡಿಕೊಡಬೇಕಾಗಿತ್ತು. ಬಹುಮಹಡಿಯ ಗೋಪುರಗಳಿಲ್ಲದೆ ಇಷ್ಟು ಜನರನ್ನು ಇರಿಸಲಾಗದೆಂಬ ಸಾಮಾನ್ಯ ನಂಬಿಕೆಗೆ ಈ ರಚನೆಯು ಪ್ರತ್ಯುತ್ತರವಾಯಿತು.

ಅದರ ಮೂಲಮಾನ ಮನೆಯಲ್ಲ, ಅಂಗಳ. ಏಳು ಮನೆಗಳು ಕೂಡಿ ಸುಮಾರು ೮ ಮೀಟರು ಉದ್ದಗಲದ ಒಂದು ಅಂಗಳವನ್ನು ಸುತ್ತುವರಿಯುತ್ತವೆ. ಇಂತಹ ಮೂರು ಗುಂಪುಗಳು, ಅಂದರೆ ೨೧ ಮನೆಗಳು, ಸುಮಾರು ೧೨ ಮೀಟರಿನ ಇನ್ನೊಂದು ಅಂಗಳಕ್ಕೆ ತೆರೆದುಕೊಳ್ಳುತ್ತವೆ. ಅಂತಹ ಮೂರು ಸೇರಿ ಸುಮಾರು ೨೦ ಮೀಟರಿನ ಬಯಲು. ಹೀಗೆ ಹಂತಹಂತವಾಗಿ ಶಾಲೆಯ ಬಯಲಿನವರೆಗೆ ಹೋಗುವ ಈ ಅಂಗಳಗಳ ನಡುವೆ ಮಳೆಗಾಲದ ನೀರನ್ನು ಹೊತ್ತೊಯ್ಯುವ ಚಿಕ್ಕ ತೊರೆಯೊಂದು ಹರಿಯುತ್ತದೆ. ಬಡವರಿಗೂ ಮಧ್ಯಮ ವರ್ಗದವರಿಗೂ ಮನೆಯ ಬೆಲೆಯಲ್ಲಿ ಬಹಳ ಅಂತರವಿದ್ದರೂ ನಿವೇಶನದ ಅಳತೆಯಲ್ಲಿ ಅಂತರ ಅಲ್ಪ. ೪೫ ಚದರ ಮೀಟರಿನಿಂದ ೭೫ ಚದರ ಮೀಟರಿನೊಳಗೆ ಎಲ್ಲವೂ ಅಡಗಿದ್ದವು.

ಮನೆಗಳ ಕಟ್ಟೋಣವು ಸರಳವಾದದ್ದು. ಸುಣ್ಣ ಬಳಿದ ಇಟ್ಟಿಗೆಯ ಗೋಡೆ, ಮರದ ಜಂತಿ, ಹಂಚಿನ ಮಾಡು. ಊರಿನ ಗೌಂಡಿಯೇ ಕಟ್ಟಬಲ್ಲ, ತಿದ್ದಬಲ್ಲ ರೀತಿ. ಎರಡು ಮನೆಗಳ ಶೌಚಸ್ಥಾನಗಳನ್ನು ಒಂದಕ್ಕೊಂದು ತಾಗಿಸಿ ಕೊಳವೆಗಳ ವೆಚ್ಚವನ್ನು ಉಳಿಸಲಾಗಿತ್ತು. ಅದನ್ನು ಬಿಟ್ಟರೆ ಯಾವ ಮನೆಯೂ ನೆರೆಮನೆಯ ಗೋಡೆಗೆ ಆತುಕೊಂಡಿರಲಿಲ್ಲ. ಆದ್ದರಿಂದ ಒಬ್ಬನು ತನ್ನ ಮನೆಯನ್ನು ಬೆಳೆಸಬೇಕಾದರೆ ಇನ್ನೊಬ್ಬನನ್ನು ಕೇಳಬೇಕಾಗಿರಲಿಲ್ಲ. ಹಾಗೆಯೇ ನೆರೆಯವನ ಅಂಗಳವನ್ನು ಇಣುಕುವ ಕಿಟಕಿಯೂ ಇರಲಿಲ್ಲ. ಬೆಚ್ಚಗಿನ ಹವೆಯ ನಾಡಿನಲ್ಲಿ ಆಕಾಶಕ್ಕೆ ತೆರೆದ ಸ್ಥಳವೇ ಅತಿ ಅಗ್ಗದ ಕೋಣೆಯೆಂಬುದು ಕೊರಿಯಾ ಅವರ ಪ್ರಮೇಯ. ಮಳೆಗಾಲವನ್ನುಳಿದು ವರ್ಷದ ಬಹುಕಾಲ ಅಡುಗೆಯ ಸಿದ್ಧತೆ, ಓದು, ನಿದ್ರೆ, ಕಸುಬು ಎಲ್ಲವೂ ಅಲ್ಲಿ ನಡೆಯಬಲ್ಲವು. ಹಳೆಯ ಮೈಸೂರಿನ ತೊಟ್ಟಿಮನೆಯನ್ನಾಗಲಿ ಕರಾವಳಿಯ ಮನೆಯಂಗಳವನ್ನಾಗಲಿ ಬಲ್ಲವರಿಗೆ ಇದು ಹೊಸ ತತ್ತ್ವವೆನಿಸದು. ಅದನ್ನು ನಗರದ ಬಡವನ ನಿವೇಶನಕ್ಕೆ ಲೆಕ್ಕಹಾಕಿ ಹೊಂದಿಸಿದುದೇ ಹೊಸತು. ಡೊಂಬಿವಲಿ, ಕಲ್ಯಾಣಗಳಲ್ಲಿ ಒಂದೊಂದೇ ನಿವೇಶನವನ್ನು ಕೊಂಡು ಕಟ್ಟಿದ ಮೂರು-ನಾಲ್ಕು ಮಾಳಿಗೆಯ ಕಟ್ಟಡಗಳ ಇಕ್ಕಟ್ಟನ್ನು ಅನುಭವಿಸಿದವರಿಗೆ ಈ ಲೆಕ್ಕದ ಬೆಲೆ ಚೆನ್ನಾಗಿ ತಿಳಿಯುತ್ತದೆ.

೪

ನಾಲ್ಕು ದಶಕಗಳು ಸಂದಿವೆ. ಇಂದು ಅಲ್ಲಿಗೆ ಹೋದವರಿಗೆ ಚಿತ್ರಗಳಲ್ಲಿ ಕಂಡ ಬಿಳಿಯ ಗೋಡೆ, ಕೆಂಪು ಹಂಚುಗಳ ಹಳ್ಳಿಯು ಕಾಣುವುದಿಲ್ಲ. ಅನೇಕ ಮೂಲಗೃಹಗಳು ಮಾಯವಾಗಿ ಅವುಗಳ ಸ್ಥಾನದಲ್ಲಿ ಕಾಂಕ್ರೀಟಿನ ಎರಡು-ಮೂರು ಅಂತಸ್ತಿನ ಮನೆಗಳು ಬಂದಿವೆ. ಅಂಗಳಗಳಲ್ಲಿ ಕೆಲವೆಡೆ ವಾಹನಗಳು ನಿಂತಿವೆ. ಮೂಲರೂಪದ ಮನೆಗಳು ನಡುನಡುವೆ ಅಲ್ಲೊಂದು ಇಲ್ಲೊಂದು ಉಳಿದಿವೆ.

ಇದನ್ನು ನಾಶವೆನ್ನಬೇಕೆ? ಕುಟುಂಬಗಳು ಬೆಳೆದವು, ಕೊಂಕಣದ ಮಳೆಯಲ್ಲಿ ಹಂಚು ಸೋರಿತು, ಮರ ಕೊಳೆಯಿತು, ನೆಲದ ಬೆಲೆ ಏರಿತು. ಅದಕ್ಕಿಂತ ಮುಖ್ಯವಾಗಿ, ಮನೆಯು ನಿವಾಸಿಯ ಕೈಯಲ್ಲಿ ಬೆಳೆಯತಕ್ಕದ್ದೆಂಬುದೇ ಈ ವಸತಿಯ ಮೂಲಪ್ರತಿಜ್ಞೆಯಾಗಿತ್ತು. ಆದುದರಿಂದ ಮಾಡನ್ನು ಕಿತ್ತು ಮಾಳಿಗೆಯನ್ನು ಎತ್ತಿದವನು ಶಿಲ್ಪಿಯ ಕೃತಿಯನ್ನು ಕೆಡಿಸಿದನೆಂದು ಹೇಳುವುದಕ್ಕಿಂತ, ಅದರ ಒಂದು ಅರ್ಥವನ್ನು ನೆರವೇರಿಸಿದನೆಂದು ಹೇಳುವುದೇ ನ್ಯಾಯವಾದೀತು. ಇಷ್ಟೆಲ್ಲ ಬದಲಾವಣೆಯಾದರೂ ಅಂಗಳಗಳ ವಿನ್ಯಾಸವು ಬಹುಮಟ್ಟಿಗೆ ಅಳಿಯದೆ ಉಳಿದಿರುವುದು ಗಮನಾರ್ಹ. ಮನೆಗಳು ಬದಲಾದವು, ಮನೆಗಳ ನಡುವಣ ಬಯಲು ಉಳಿಯಿತು.

ನಿಜವಾದ ಅಪಾಯವು ಬೇರೆ ಕಡೆಯಿಂದ ಬರುತ್ತದೆ. ವಾಶಿ ಮೊದಲಾದ ಕಡೆಗಳಲ್ಲಿ ಸಿಡ್ಕೋ ಕಟ್ಟಿದ ಅನೇಕ ವಸತಿ ಕಟ್ಟಡಗಳು ಶಿಥಿಲವಾಗಿ, ಗಾರೆ ಉದುರಿ, ವಾಸಕ್ಕೆ ಅಪಾಯಕರವಾದವು. ೨೦೧೫ರಲ್ಲಿ ಸರಕಾರವು ಇಂತಹವುಗಳ ಪುನರ್ನಿರ್ಮಾಣಕ್ಕೆ ನಿವೇಶನದ ಎರಡೂವರೆ ಪಟ್ಟು ಕಟ್ಟೋಣಕ್ಕೆ ಅನುಮತಿ ಕೊಟ್ಟಿತು. ಸೋರುವ ಸೂರಿನ ಕೆಳಗೆ ಮಲಗುವವರಿಗೆ ಇದು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಿವೇಶನಗಳನ್ನು ಒಗ್ಗೂಡಿಸಿ ಗೋಪುರಗಳನ್ನು ಎತ್ತುವ ಈ ಕ್ರಮವು ಬೇಲಾಪುರಕ್ಕೂ ಹಬ್ಬಿದರೆ, ನಾಲ್ವತ್ತು ವರ್ಷಗಳ ಬದಲಾವಣೆಗಳು ಅಳಿಸಲಾರದ ಅಂಗಳಗಳ ಗಣಿತವು ಒಂದೇ ನಕ್ಷೆಯಿಂದ ಅಳಿದುಹೋಗುವುದು.

೫

ಈ ಗಣಿತವನ್ನು ರಕ್ಷಿಸಲು ಪ್ರಚಲಿತವಾದ ಸಾಧನಗಳು ಸಾಲವು. ೧೯೫೮ರ ಕೇಂದ್ರ ಕಾಯಿದೆಯು ನೂರು ವರ್ಷಗಳನ್ನು ಕಂಡ ಕಟ್ಟಡವನ್ನೇ ಪ್ರಾಚೀನವೆಂದು ಬಗೆಯುತ್ತದೆ. ೧೯೯೫ರಲ್ಲಿ ಬಂದ ಬೃಹನ್ಮುಂಬಯಿಯ ಪರಂಪರಾ ನಿಯಮಗಳು ದೇಶಕ್ಕೆ ಮೇಲ್ಪಂಕ್ತಿಯಾದವು, ನಿಜ. ಆದರೆ ಅವು ರಚಿತವಾದದ್ದು ಖಾಡಿಯ ಈಚೆಯ ನಗರಕ್ಕೆ. ದಿಲ್ಲಿಯಲ್ಲಿ ರಾಜ್ ರೇವಲ್ ೧೯೭೨ರಲ್ಲಿ ನಿರ್ಮಿಸಿದ ‘ಹಾಲ್ ಆಫ್ ನೇಷನ್ಸ್’ ಸಭಾಂಗಣವನ್ನು, ಅರುವತ್ತು ವರ್ಷ ತುಂಬದ ಕಟ್ಟಡಕ್ಕೆ ಪರಂಪರೆಯ ಮನ್ನಣೆಯಿಲ್ಲವೆಂಬ ನಿಲುವಿನಿಂದಾಗಿ ಉಳಿಸಲಾಗಲಿಲ್ಲ. ೨೦೧೭ರ ಏಪ್ರಿಲಿನಲ್ಲಿ ಅದನ್ನು ಕೆಡವಲಾಯಿತು. ವಯಸ್ಸನ್ನು ಎಣಿಸುವ ಕಾಯಿದೆಯು ವಯಸ್ಸಾಗುವ ಮೊದಲೇ ಸಾಯುವ ಕಟ್ಟಡಗಳನ್ನು ಕಾಪಾಡಲಾರದು.

ಹೊರದೇಶದ ನಿದರ್ಶನವೊಂದು ಇಲ್ಲಿ ಉಪಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಪಾಮ್ ಸ್ಪ್ರಿಂಗ್ಸ್ ಪಟ್ಟಣವು ಇಪ್ಪತ್ತನೆಯ ಶತಮಾನದ ನಡುಗಾಲದ ಆಧುನಿಕ ಗೃಹಗಳಿಗೆ ಹೆಸರಾದುದು. ಅಲ್ಲಿ ರಿಚರ್ಡ್ ನ್ಯೂಟ್ರಾ ೧೯೪೬ರಲ್ಲಿ ರಚಿಸಿದ ಕಾಫ್ಮನ್ ಗೃಹವು ಕೈಯಿಂದ ಕೈಗೆ ಹೋಗಿ ರೂಪಗೆಟ್ಟಿತ್ತು. ೧೯೯೦ರ ದಶಕದಲ್ಲಿ ಅದನ್ನು ಕೊಂಡವರು ಜೂಲಿಯಸ್ ಶುಲ್ಮನ್ ತೆಗೆದಿದ್ದ ಹಳೆಯ ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಮೂಲರೂಪಕ್ಕೆ ತಂದರು. ೨೦೦೬ರಲ್ಲಿ ಅಲ್ಲಿ ಆಧುನಿಕ ವಾಸ್ತುವಿಗೇ ಮೀಸಲಾದ ವಾರ್ಷಿಕೋತ್ಸವ ಆರಂಭವಾಯಿತು. ಆದರೆ ನೆರೆಯ ರಾಂಚೋ ಮಿರಾಜ್‌ನಲ್ಲಿ ಅದೇ ಶಿಲ್ಪಿಯ ಮ್ಯಾಸ್ಲನ್ ಗೃಹವನ್ನು ೨೦೦೨ರಲ್ಲಿ ಹೊಸ ಒಡೆಯರು ಕೊಂಡ ಕೆಲವೇ ದಿನಗಳಲ್ಲಿ ನೆಲಸಮ ಮಾಡಿಸಿದರು. ಧನಿಕನ ರುಚಿಯನ್ನು ನಂಬಿದ ಸಂರಕ್ಷಣೆಯ ಬಲವೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಒಬ್ಬ ಒಡೆಯನ ಒಂದು ಮನೆಯನ್ನು ಹಿಂದಿನ ದಿನಾಂಕವೊಂದಕ್ಕೆ ಮರಳಿಸಬಹುದು. ೫೫೦ ಕುಟುಂಬಗಳು ಬದುಕಿ ಬೆಳೆಸಿದ ವಸತಿಯನ್ನು ೧೯೮೬ಕ್ಕೆ ಮರಳಿಸುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ.

ಇದಕ್ಕಿಂತ ಹತ್ತಿರದ ಮಾದರಿಯು ಕನ್ನಡ ಶಾಸನಗಳಲ್ಲಿಯೇ ಉಂಟು. ದೇವಾಲಯಗಳಿಗೆ ಭೂಮಿಯನ್ನೋ ಸುಂಕವನ್ನೋ ಬಿಡುವಾಗ ಪೂಜೆ, ನೈವೇದ್ಯ, ಅನ್ನದಾನಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ದತ್ತಿ ನಿಗದಿಯಾಗುತ್ತಿತ್ತೆಂಬುದು ಶಾಸನಾಭ್ಯಾಸಿಗಳಿಗೆ ಸುಪರಿಚಿತ. ಕಟ್ಟಿದ್ದು ಒಡೆಯುತ್ತದೆ, ಬಿರಿಯುತ್ತದೆ ಎಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡು, ತಿದ್ದುವ ವೆಚ್ಚವನ್ನೂ ತಿದ್ದುವವರನ್ನೂ ಗೊತ್ತುಪಡಿಸುವ ಪದ್ಧತಿಯದು. ಮಂಟಪವನ್ನು ಸೇರಿಸುವುದಕ್ಕೆ, ಪ್ರಾಕಾರವನ್ನು ಹಿಗ್ಗಿಸುವುದಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ. ಗರ್ಭಗೃಹದ ಸ್ಥಾನ ಮಾತ್ರ ಕದಲುತ್ತಿರಲಿಲ್ಲ. ನವಿ ಮುಂಬಯಿಯ ನಿರ್ಮಾಪಕರು ಬೆಳವಣಿಗೆಗೆ ಅವಕಾಶವನ್ನು ಇಟ್ಟರು. ಜೀರ್ಣೋದ್ಧಾರಕ್ಕೆ ದತ್ತಿಯನ್ನು ಇಡಲಿಲ್ಲ.

೬

ಈ ದೃಷ್ಟಿಯಿಂದ ನೋಡಿದರೆ ಬೇಲಾಪುರದಲ್ಲಿ ಕದಲಿಸಬಾರದ್ದು ಸ್ಪಷ್ಟವಾಗುತ್ತದೆ. ಎಂಟು, ಹನ್ನೆರಡು, ಇಪ್ಪತ್ತು ಮೀಟರುಗಳ ಅಂಗಳಗಳು ಮತ್ತು ನಡುವಣ ತೊರೆ ಮೊದಲನೆಯದು. ಪ್ರತಿಯೊಂದು ಮನೆಯೂ ಬೇರೆಯಾಗಿ ನಿಂತು ನೆರೆಯವನ ಬೆಳಕನ್ನೂ ಮರೆಯನ್ನೂ ಕಾಯುವ ನಿಯಮ ಎರಡನೆಯದು. ನಿವೇಶನಗಳನ್ನು ಕೂಡಿಸದೆ ಇರುವುದು ಮೂರನೆಯದು. ಈ ಮೂರನ್ನು ನಗರಯೋಜನೆಯ ನಿಯಮಗಳಲ್ಲಿ ಬರೆದರೆ ಸಾಕು. ಮಾಡು ಹಂಚಿನದೋ ಕಾಂಕ್ರೀಟಿನದೋ ಎಂಬುದು ಮನೆಯವನಿಗೆ ಬಿಟ್ಟ ವಿಷಯ. ಉಳಿದಿರುವ ಮೂಲಗೃಹಗಳಲ್ಲಿ ಕೆಲವನ್ನಾದರೂ ಒಡೆಯರ ಸಮ್ಮತಿಯಿಂದ, ಸಾರ್ವಜನಿಕ ವೆಚ್ಚದಿಂದ ದುರಸ್ತು ಮಾಡಿ ನಿಲ್ಲಿಸಿಕೊಂಡರೆ ಮುಂದಿನವರಿಗೆ ಮಾದರಿ ದೊರೆಯುವುದು.

ದಾಖಲೆಗಳ ಕಾರ್ಯವೊಂದು ಉಳಿಯುತ್ತದೆ. ಕಾಫ್ಮನ್ ಗೃಹವು ಮರಳಿ ಬಂದದ್ದು ಛಾಯಾಚಿತ್ರಗಳಿದ್ದುದರಿಂದ. ಮುಂಬಯಿಯ ಚಾಳುಗಳಿಂದ ಹೊರಟು ವಾಶಿ, ನೆರುಳ್, ಬೇಲಾಪುರಗಳ ಸಿಡ್ಕೋ ಮನೆಗಳಿಗೆ ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಉಂಟು. ಮನೆ ಮಂಜೂರಾದ ಪತ್ರ, ಮೊದಲ ನಕ್ಷೆ, ಗೃಹಪ್ರವೇಶದ ಛಾಯಾಚಿತ್ರ, ಮೊದಲ ಮಾಳಿಗೆಯನ್ನು ಎತ್ತಿದ ವರ್ಷದ ನೆನಪು ಇವೆಲ್ಲವೂ ಈ ನಗರದ ಶಾಸನಗಳೇ. ಮೊದಲ ತಲೆಮಾರಿನವರು ಇಂದು ವೃದ್ಧರಾಗಿದ್ದಾರೆ. ಶಿಲಾಹಾರರ ತಾಮ್ರಪಟಗಳಿಗೆ ಸಲ್ಲಿಸಿದ ಶ್ರದ್ಧೆಯಲ್ಲಿ ಒಂದು ಪಾಲನ್ನು ಕನ್ನಡ ಸಂಘಗಳು ಈ ಕಾಗದಗಳಿಗೂ ಸಲ್ಲಿಸುವುದಾದರೆ, ಬೇಲಾಪುರದ ಅಂಗಳಗಳ ಸುತ್ತ ಯಾರು ಬದುಕಿದರು, ತಮ್ಮ ಮನೆಗಳನ್ನು ಹೇಗೆ ಬೆಳೆಸಿದರು ಎಂಬುದು ಅವರ ಮಾತಿನಲ್ಲಿಯೇ ಉಳಿಯುವುದು.