ಗ್ಲಾಕೋಮಾ: ದೃಷ್ಟಿನರ ಸವೆಯುವ ಬಗೆ, ಅದನ್ನು ಅರಿಯುವ ದಾರಿ

ಕಣ್ಣು ಮಂಜಾದ ಹಿರಿಯರು ‘ಪೊರೆ ಬಲಿಯಲಿ, ಆಮೇಲೆ ತೆಗೆಸಿದರಾಯಿತು’ ಎಂದು ಕಾಯುವುದು ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಪೊರೆ ಎಂದರೆ ಕಣ್ಣಿನ ಮಸೂರ ಮಬ್ಬಾಗುವುದು. ಮಸೂರವನ್ನು ಬದಲಿಸಿದರೆ ನೋಟ ಬಹುಮಟ್ಟಿಗೆ ಮರಳುತ್ತದೆ. ಆದರೆ ಅದೇ ಕಣ್ಣಿನಲ್ಲಿ ಗ್ಲಾಕೋಮಾ ಕೂಡ ಸೇರಿಕೊಂಡಿದ್ದರೆ ಈ ಕಾಯುವಿಕೆಗೆ ತೆರಬೇಕಾದ ಬೆಲೆ ದೊಡ್ಡದು. ಗ್ಲಾಕೋಮಾ ಕೆಡಿಸುವುದು ಕಣ್ಣನ್ನು ಮಿದುಳಿಗೆ ಜೋಡಿಸುವ ದೃಷ್ಟಿನರವನ್ನು. ಒಮ್ಮೆ ಸತ್ತ ನರತಂತು ಮತ್ತೆ ಚಿಗುರುವುದಿಲ್ಲ. ಮರಳಿ ಪಡೆಯಲಾಗದ ಅಂಧತ್ವಕ್ಕೆ ಜಗತ್ತಿನಲ್ಲಿ ಮೊದಲ ಕಾರಣ ಇದೇ.

ನರಕ್ಕೆ ಹಾನಿ ಹೇಗೆ?

ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ಗ್ಯಾಂಗ್ಲಿಯಾನ್ ಎಂಬ ಜೀವಕೋಶಗಳಿವೆ. ಪ್ರತಿ ಕೋಶದಿಂದಲೂ ಒಂದು ಸೂಕ್ಷ್ಮ ತಂತು ಹೊರಡುತ್ತದೆ. ಇಂಥ ಸುಮಾರು 10ರಿಂದ 12 ಲಕ್ಷ ತಂತುಗಳ ಕಟ್ಟೇ ದೃಷ್ಟಿನರ. ಅದು ಕಣ್ಣುಗುಡ್ಡೆಯಿಂದ ಹೊರಬೀಳುವ ಜಾಗದಲ್ಲಿ ಜರಡಿಯಂಥ ಒಂದು ಪದರವಿದ್ದು, ಅದರ ರಂಧ್ರಗಳ ಮೂಲಕ ತಂತುಗಳು ಹಾದುಹೋಗುತ್ತವೆ. ಇದನ್ನು ‘ಲ್ಯಾಮಿನಾ ಕ್ರಿಬ್ರೋಸಾ’ ಎನ್ನುತ್ತಾರೆ.

ಕಣ್ಣಿನ ಮುಂಭಾಗದಲ್ಲಿ ಜಲರಸವೊಂದು ಸದಾ ಉತ್ಪತ್ತಿಯಾಗುತ್ತ, ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದಲ್ಲಿರುವ ಜಾಲರಿಯ ಮೂಲಕ ಹೊರಹೋಗುತ್ತದೆ. ಆ ದಾರಿಗೆ ಅಡ್ಡಿಯಾದಾಗ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಒತ್ತಡವನ್ನು ಸಹಜವೆಂದು ಪರಿಗಣಿಸಲಾಗುತ್ತದೆ.

ಹೆಚ್ಚಿದ ಒತ್ತಡಕ್ಕೆ ಜರಡಿಯ ಪದರ ಹಿಂದಕ್ಕೆ ಬಾಗುತ್ತದೆ, ರಂಧ್ರಗಳ ಸಾಲು ತಪ್ಪುತ್ತದೆ, ತಂತುಗಳು ಅದುಮಿಹೋಗುತ್ತವೆ. ನೋಟದ ಸಂಕೇತವನ್ನು ಒಯ್ಯುವ ಈ ತಂತುಗಳೇ ಕೋಶಕ್ಕೆ ಬೇಕಾದ ಪೋಷಕ ಪ್ರೋಟೀನುಗಳ ಸಾಗಣೆಯ ದಾರಿಯೂ ಹೌದು. ಅಮೆರಿಕದ ಡಗ್ಲಾಸ್ ಆಂಡರ್ಸನ್ ಮತ್ತು ಅನಿತಾ ಹೆಂಡ್ರಿಕ್ಸನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋತಿಗಳ ಕಣ್ಣಿನ ಒತ್ತಡವನ್ನು ಏರಿಸಿದಾಗ ಈ ಸಾಗಣೆ ಜರಡಿಯ ಬಳಿಯೇ ತಡೆದು ನಿಂತದ್ದು ಕಂಡುಬಂತು. ಪೋಷಣೆ ಕಡಿದ ಕೋಶ ಕ್ರಮೇಣ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ನರದ ಬುಡಕ್ಕೆ ರಕ್ತಸಂಚಾರ ಕಡಿಮೆಯಾಗುವುದೂ ಹಾನಿಗೆ ಸೇರಿಕೊಳ್ಳುತ್ತದೆ. ಆದ್ದರಿಂದಲೇ ಒತ್ತಡ ಸಹಜ ಮಿತಿಯಲ್ಲಿದ್ದವರಿಗೂ ಗ್ಲಾಕೋಮಾ ಬರಬಲ್ಲದು.

ರೋಗಿಗೆ ತಿಳಿಯದೇಕೆ?

ಮೊದಲು ಕುಂದುವುದು ಸಾಮಾನ್ಯವಾಗಿ ಬದಿಯ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ. ಉಳಿದ ಖಾಲಿಯನ್ನು ಮಿದುಳು ಮರೆಮಾಚುತ್ತದೆ. ಎದುರಿನ ಅಕ್ಷರ ಸ್ಪಷ್ಟವಾಗಿರುವುದರಿಂದ ಓದುವುದಕ್ಕೂ ಅಡ್ಡಿಯಿಲ್ಲ. ತಮಿಳುನಾಡಿನ ಗ್ರಾಮೀಣ ಭಾಗದಲ್ಲಿ 40 ವರ್ಷ ದಾಟಿದ 5,150 ಮಂದಿಯನ್ನು ಪರೀಕ್ಷಿಸಿದ ಅರವಿಂದ್ ಸಮೀಕ್ಷೆಯ ವರದಿ 2003ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 2.6ರಷ್ಟು ಮಂದಿಗೆ ಗ್ಲಾಕೋಮಾ ಇತ್ತು. ಹೆಚ್ಚಾಗಿ ಕಂಡುಬಂದ ‘ತೆರೆದ ಕೋನ’ದ ಬಗೆಯ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅಲ್ಲಿಯವರೆಗೆ ರೋಗ ಪತ್ತೆಯೇ ಆಗಿರಲಿಲ್ಲ.

ಅಧ್ಯಯನದ ವಿಧಾನಗಳು

ಜೀವಂತ ಕಣ್ಣಿನ ನರವನ್ನು ನೋಡುವುದು ಸಾಧ್ಯವಾದದ್ದು ಹರ್ಮನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕದಿಂದ. ಅದರ ಒಂಟಿಗಣ್ಣಿನ ನೋಟಕ್ಕೆ ಆಳ ತಿಳಿಯದೆ, ಗ್ಲಾಕೋಮಾ ರೋಗಿಯ ನರದ ತುದಿ ಉಬ್ಬಿದೆಯೆಂದೇ ಆರಂಭದ ವೈದ್ಯರು ಭಾವಿಸಿದ್ದರು. ಅದು ಗುಳಿಬಿದ್ದಿದೆಯೆಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಆ ಗುಳಿಯ ಅಗಲಕ್ಕೂ ನರತುದಿಯ ಒಟ್ಟು ಅಗಲಕ್ಕೂ ಇರುವ ಅನುಪಾತ ಇಂದಿಗೂ ರೋಗನಿರ್ಣಯದ ಮುಖ್ಯ ಸುಳಿವು.

ಒತ್ತಡ ಅಳೆಯಲು ಟೋನೋಮೀಟರ್, ಜಲರಸ ಹೊರಹೋಗುವ ಕೋನವನ್ನು ನೋಡಲು ಗೋನಿಯೋಸ್ಕೋಪಿ, ನೋಟದ ವ್ಯಾಪ್ತಿ ತಿಳಿಯಲು ಪೆರಿಮೆಟ್ರಿ ಬಳಕೆಯಲ್ಲಿವೆ. ಪೆರಿಮೆಟ್ರಿಯಲ್ಲಿ ರೋಗಿ ನೇರ ನೋಡುತ್ತಲೇ, ಅಲ್ಲಲ್ಲಿ ಮಿನುಗುವ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಇದರ ಮಿತಿಯೆಂದರೆ, ಗಣನೀಯ ಸಂಖ್ಯೆಯ ಕೋಶಗಳು ಅಳಿದ ನಂತರವೇ ಫಲಿತಾಂಶದಲ್ಲಿ ಲೋಪ ಕಾಣಿಸಬಹುದು. 1991ರಲ್ಲಿ ಪ್ರಕಟವಾದ ಓಸಿಟಿ ತಂತ್ರ ಈ ಅಂತರವನ್ನು ತಗ್ಗಿಸಿತು. ಬೆಳಕಿನ ಅಲೆಗಳ ನೆರವಿನಿಂದ ಅದು ನರತಂತುಗಳ ಪದರದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಸವೆತದ ವೇಗವೂ ತಿಳಿಯುತ್ತದೆ. ಸಾಯುತ್ತಿರುವ ಕೋಶಗಳಿಗೆ ಅಂಟಿ ಹೊಳೆಯುವ ದ್ರವ್ಯವನ್ನು ಬಳಸಿ ಅವನ್ನು ಬಿಡಿಬಿಡಿಯಾಗಿ ಗುರುತಿಸುವ ‘ಡಾರ್ಕ್’ ಎಂಬ ತಂತ್ರವನ್ನು ಲಂಡನ್ನಿನ ಸಂಶೋಧಕರು ಮನುಷ್ಯರಲ್ಲಿ ಪರೀಕ್ಷಿಸಿ, ಮೊದಲ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು.

ಚಿಕಿತ್ಸೆಯ ಆಧಾರ

ಒತ್ತಡ ಇಳಿಸುವುದರಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನ 2002ರಲ್ಲಿ ಉತ್ತರ ನೀಡಿತು. ಒತ್ತಡ ಹೆಚ್ಚಿದ್ದೂ ನರಕ್ಕೆ ಹಾನಿಯಾಗಿರದವರನ್ನು ಐದು ವರ್ಷ ಗಮನಿಸಲಾಯಿತು. ಔಷಧವಿಲ್ಲದವರಲ್ಲಿ ಶೇ 9.5ರಷ್ಟು ಮಂದಿಗೆ ಗ್ಲಾಕೋಮಾ ಉಂಟಾದರೆ, ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ 4.4. ಕಣ್ಣಹನಿ, ಲೇಸರ್, ಶಸ್ತ್ರಚಿಕಿತ್ಸೆ ಎಲ್ಲವುಗಳ ಗುರಿ ಒತ್ತಡ ಇಳಿಸಿ ಉಳಿದ ನರವನ್ನು ಕಾಯುವುದೇ. ಆದಕಾರಣ ನೋಟ ಸುಧಾರಿಸಲಿಲ್ಲವೆಂದು ಹನಿ ಹಾಕುವುದನ್ನು ನಿಲ್ಲಿಸುವುದು ಅಪಾಯಕರ.

ಯಾರು ಪರೀಕ್ಷಿಸಿಕೊಳ್ಳಬೇಕು?

* 40 ವರ್ಷ ದಾಟಿದವರು
* ತಂದೆ, ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರು
* ಮಧುಮೇಹಿಗಳು, ಹೆಚ್ಚು ಮೈನಸ್ ಪವರ್‌ನ ಕನ್ನಡಕ ಧರಿಸುವವರು
* ಸ್ಟೀರಾಯ್ಡ್ ಹನಿ ಅಥವಾ ಮಾತ್ರೆಯನ್ನು ದೀರ್ಘಕಾಲ ಬಳಸಿದವರು

ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆ ಪವರ್ ಅನ್ನು ಮಾತ್ರ ಹೇಳುತ್ತದೆ. ಒತ್ತಡವನ್ನಷ್ಟೇ ಅಳೆದರೂ ಸಾಲದು. ನೇತ್ರವೈದ್ಯರು ನರದ ತುದಿಯನ್ನೂ ನೋಡಬೇಕು. ಹಠಾತ್ತನೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ‘ಮುಚ್ಚಿದ ಕೋನ’ದ ಗ್ಲಾಕೋಮಾ ಆಗಿರಬಹುದು. ಅಂಥವರನ್ನು ಅದೇ ದಿನ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.